ಸೌಂಡ್ ಬಾಕ್ಸಿಗೆ ಸ್ಕ್ರೂ ಸಾಕೇ, ಬೋಲ್ಟ್ ಬೇಕೇ?

ಯಾದಗಿರಿ ಜಿಲ್ಲೆಯ ಕೆಂಭಾವಿ ಸೀಮೆಯಲ್ಲಿ ಸೌಂಡ್ ಬಾಕ್ಸು ಒಂದೇ ಕಡೆ ಕೂತು ಬಾಳುವುದು ಕಡಿಮೆ. ಉಳುಮೆಯ ದಿನಗಳಲ್ಲಿ ಅದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹೊಲಕ್ಕೆ ಹೋಗುತ್ತದೆ. ಮದುವೆಗಳ ಕಾಲಕ್ಕೆ ಟ್ರೇಲರ್ ಹತ್ತಿ ಮೆರವಣಿಗೆಯ ಜೊತೆ ಸಾಗುತ್ತದೆ. ಊರವರೇ ಬಣ್ಣ ಹಚ್ಚಿ ಆಡುವ ಸಾಮಾಜಿಕ ನಾಟಕದ ರಾತ್ರಿ ಸ್ಟೇಜಿನ ಎಡಬಲಕ್ಕೆ ನಿಲ್ಲುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆ, ಕೊಡೇಕಲ್ ಬಸವಣ್ಣನ ಜಾತ್ರೆ, ಗಣಪತಿ ಹಬ್ಬ ಎಂದು ವರ್ಷವಿಡೀ ಅದಕ್ಕೆ ತಿರುಗಾಟ. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ನೀರು ತಂದಿತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಹಿಂದೆಯೇ ಟೇಪು, ಬಾಕ್ಸು ಬಂದವು.

ಕಂಪನಿಯ ಪೂರ್ತಿ ಸೆಟ್ಟಿಗೆ ಹಣ ಹೊಂದದಾಗ ಸ್ಪೀಕರ್ ಮಾತ್ರ ಕೊಂಡು ಬಾಕ್ಸನ್ನು ಊರ ಬಡಿಗೇರನ ಕೈಯಲ್ಲಿ ಮಾಡಿಸುವುದು, ಇಲ್ಲವೇ ತಾವೇ ಕೂತು ಮಾಡಿಕೊಳ್ಳುವುದು ವಾಡಿಕೆ. ಆಗ ಪ್ಲೈವುಡ್ ಎಷ್ಟು ದಪ್ಪ ಇರಬೇಕು, ಗಾಳಿಯ ತೂತು ಎಲ್ಲಿ ಬರಬೇಕು, ಒಳಗಿನ ಅಳತೆ ಎಷ್ಟು ಎಂಬುದರ ಮೇಲೆ ಬೇಕಾದಷ್ಟು ವಾದ ನಡೆಯುತ್ತದೆ. ಸ್ಕ್ರೂ, ಬೋಲ್ಟು, ಹಿಡಿಕೆ, ಕಾರ್ನರುಗಳ ಮಾತು ಬಂದಾಗ ಮಾತ್ರ ‘ಅಂಗಡ್ಯಾಗ ಏನ್ ಸಿಗ್ತದ ಅದನ್ನ ತೊಗೊಂಬಾ’ ಎಂದು ಮುಗಿಸಿಬಿಡುತ್ತಾರೆ. ಒಂದೆರಡು ಸುಗ್ಗಿ ಕಳೆದ ಮೇಲೆ ಬಾಕ್ಸು ಗಿರ್ರನೆ ಒದರುವುದು, ಮೂಲೆ ಬಾಯಿ ಬಿಡುವುದು, ಸ್ಪೀಕರ್ ಒಂದು ಕಡೆ ಜೋತುಬೀಳುವುದು ಹೆಚ್ಚಾಗಿ ಈ ಸಣ್ಣ ಸಾಮಾನುಗಳಿಂದಲೇ.

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಮರಕ್ಕೆ ಮರದ ಸ್ಕ್ರೂ ಸಾಕು, ಉಳಿದದ್ದೆಲ್ಲ ದುಂದು ಎನ್ನುವವರು ಒಂದು ಕಡೆ. ಸ್ಪೀಕರ್ ಕೂರಿಸಲು ಟೀ-ನಟ್ ಮತ್ತು ಮಷೀನ್ ಬೋಲ್ಟ್ ಇಲ್ಲದಿದ್ದರೆ ಅದು ಬಾಕ್ಸೇ ಅಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರದು ಎಲ್ಲಿ ಸರಿ ಎಂದು ತೂಗುವ ಮುನ್ನ ಬಾಕ್ಸಿನ ಮೇಲೆ ಬೀಳುವ ಬಲ ಎಷ್ಟು, ಎಂಥದು ಎಂದು ತಿಳಿಯಬೇಕು.

ಫೆರೈಟ್ ಅಯಸ್ಕಾಂತದ 15 ಇಂಚಿನ ಸ್ಪೀಕರ್ ಸುಮಾರು 6ರಿಂದ 9 ಕಿಲೋ ತೂಗುತ್ತದೆ. 18 ಇಂಚಿನದು 10 ಕಿಲೋ ದಾಟುವುದು ಸಾಮಾನ್ಯ. ದೊಡ್ಡ ಬೇಸ್ ಸ್ಪೀಕರು ಪೂರ್ತಿ ಜೋರಿನಲ್ಲಿ ಕೋನನ್ನು ನೂಕುವ ಬಲ ಸುಮಾರು 200 ನ್ಯೂಟನ್, ಅಂದರೆ 20 ಕಿಲೋ ಭಾರದಷ್ಟು ಎಂದಿಟ್ಟುಕೊಳ್ಳೋಣ. ಅಷ್ಟೇ ಬಲ ಸ್ಪೀಕರಿನ ಚೌಕಟ್ಟನ್ನು ಹಿಂದಕ್ಕೆ ತಳ್ಳುತ್ತದೆ. ಎಂಟು ಸ್ಕ್ರೂಗಳಿಗೆ ಹಂಚಿದರೆ ಒಂದರ ಪಾಲಿಗೆ ಎರಡೂವರೆ ಕಿಲೋ, ಅದರ ಮೇಲೆ ಸ್ಪೀಕರಿನ ತೂಕದಲ್ಲಿ ಒಂದು ಕಿಲೋ. ಒಳ್ಳೆಯ 18 ಮಿ.ಮೀ. ಪ್ಲೈವುಡ್ಡಿನ ಮುಖಕ್ಕೆ ಸರಿಯಾಗಿ ಹೊಕ್ಕ 8ನೇ ನಂಬರಿನ ಸ್ಕ್ರೂ ಇದರ ಹತ್ತಾರು ಪಟ್ಟು ಎಳೆತ ತಡೆಯುತ್ತದೆ. ಬರೀ ಬಲದ ಲೆಕ್ಕದಲ್ಲಿ ನೋಡಿದರೆ ಸ್ಕ್ರೂ ಪಕ್ಷದವರೇ ಗೆದ್ದರು.

ಆದರೆ ಬಾಕ್ಸನ್ನು ಕೆಡಿಸುವುದು ಒಂದೇ ಸಲದ ಬಲ ಅಲ್ಲ, ಬಿಡದೆ ನಡೆಯುವ ನಡುಕ. 50 ಹರ್ಟ್ಸಿನ ಬೇಸ್ ಎಂದರೆ ಸೆಕೆಂಡಿಗೆ 50 ಸಲ ಹಿಂದುಮುಂದು. ನಾಲ್ಕು ತಾಸಿನ ಮೆರವಣಿಗೆಯಲ್ಲಿ ಅದು 7,20,000 ಸಲ ಆಗುತ್ತದೆ. ಅದರ ಮೇಲೆ ಟ್ರ್ಯಾಕ್ಟರ್ ಎಂಜಿನ್ನಿನ ಅದುರು, ಎರಿ ಹೊಲದ ಬದುವಿನ ಕುಲುಕಾಟ, ಇಳಿಸುವಾಗ ಕೈಜಾರಿ ಬೀಳುವ ಪೆಟ್ಟು. ಬೋಲ್ಟು ಉದ್ದಕ್ಕೆ ಎಳೆತ ಬಿದ್ದಾಗ ಸಡಿಲಾಗುವುದಕ್ಕಿಂತ ಅಡ್ಡಕ್ಕೆ ಜಾರಾಟವಾದಾಗ ಬಹಳ ಬೇಗ ಸಡಿಲಾಗುತ್ತದೆ ಎಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟರು. ನಮ್ಮ ಬಾಕ್ಸಿಗೆ ಬೀಳುವ ಏಟುಗಳಲ್ಲಿ ಈ ಅಡ್ಡ ಏಟೇ ಹೆಚ್ಚು.

ಮೊದಲು ಬಾಕ್ಸಿನ ಕೀಲುಗಳನ್ನು ನೋಡೋಣ. ಇಲ್ಲಿ ಎರಡೂ ಪಕ್ಷದವರು ಮರೆಯುವ ಮೂರನೆಯವನೊಬ್ಬನಿದ್ದಾನೆ: ಅಂಟು. 1959ರಿಂದ ಮಾರುಕಟ್ಟೆಯಲ್ಲಿರುವ ಫೆವಿಕಾಲಿನಂಥ ಬಿಳಿ ಅಂಟನ್ನು ಎರಡೂ ಮೈಗೆ ಸಮವಾಗಿ ಹಚ್ಚಿ, ಬಿಗಿಯಾಗಿ ಒತ್ತಿ, ಒಂದು ರಾತ್ರಿ ಅಲುಗಿಸದೆ ಬಿಟ್ಟರೆ, ಮುಂದೆ ಕಿತ್ತಾಗ ಕೀಲು ಬಿಡುವ ಬದಲು ಕಟ್ಟಿಗೆಯೇ ಸೀಳುತ್ತದೆ. ಹಾಗಾಗಿ ಕೀಲಿನಲ್ಲಿ ಸ್ಕ್ರೂವಿನ ಮುಖ್ಯ ಕೆಲಸ ಅಂಟು ಒಣಗುವ ತನಕ ಹಲಗೆಗಳನ್ನು ಒತ್ತಿ ಹಿಡಿಯುವುದು. ಉದ್ದನೆಯ ಕ್ಲಾಂಪುಗಳಿರುವ ದೊಡ್ಡ ಕಾರ್ಖಾನೆಗೆ ಸ್ಕ್ರೂ ಬೇಡವೇ ಬೇಡ. ಕೆಂಭಾವಿಯ ಬಡಿಗೇರನ ಹತ್ತಿರ ಅಷ್ಟು ಕ್ಲಾಂಪು ಇರದಿದ್ದರೆ ಸ್ಕ್ರೂವೇ ಅವನ ಕ್ಲಾಂಪು.

ಅಂಟು ಒಣಗಿದ ಮೇಲೆ ಸ್ಕ್ರೂ ತೆಗೆಯಬೇಕೇ? ತೆಗೆದು ತೂತು ಮುಚ್ಚಿದರೆ ಬಾಕ್ಸಿನ ಅಂದ ಹೆಚ್ಚುತ್ತದೆ, ಒಳಗೆ ತುಕ್ಕು ಹಿಡಿಯಲು ಏನೂ ಇರುವುದಿಲ್ಲ ಎನ್ನುವವರಿದ್ದಾರೆ. ಮನೆಯೊಳಗಿನ ಬಾಕ್ಸಿಗೆ ಈ ಮಾತು ಸರಿ. ಯಾದಗಿರಿ ಜಿಲ್ಲೆಯ ಬೇಸಿಗೆಗೆ ಸರಿಯಲ್ಲ. ಬಿಸಿಲು 40 ಡಿಗ್ರಿ ದಾಟುವ ದಿನ ಕಪ್ಪು ಬಣ್ಣದ ಬಾಕ್ಸು ಟ್ರೇಲರಿನಲ್ಲಿ ನಿಂತಿದ್ದರೆ ಅದರ ಮೈ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬಿಳಿ ಅಂಟು ಕಾವಿಗೆ ಮೆತ್ತಗಾಗುವ ಜಾತಿಯದು, ನೀರಿಗೂ ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಹೊರಗೆ ತಿರುಗುವ ಬಾಕ್ಸಿಗೆ ನೀರು ತಡೆಯುವ ದರ್ಜೆಯ ಅಂಟು ಬಳಸಿ, ಸ್ಕ್ರೂಗಳನ್ನೂ ಅಲ್ಲೇ ಬಿಡುವುದು ಲೇಸು. ಒಳಮೂಲೆಗೆ ಒಂದಿಂಚು ಚೌಕದ ಕಟ್ಟಿಗೆ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು. ಪ್ಲೈವುಡ್ಡಿನ ಅಂಚಿಗೆ ಹೊಡೆದ ಸ್ಕ್ರೂ ಪದರುಗಳ ನಡುವೆ ಹೊಕ್ಕು ಅವನ್ನು ಬಿಡಿಸುತ್ತದೆ. ಪಟ್ಟಿ ಇದ್ದರೆ ಸ್ಕ್ರೂ ಹಲಗೆಯ ಮುಖವನ್ನು ದಾಟಿ ಗಟ್ಟಿ ಕಟ್ಟಿಗೆಯನ್ನು ಹಿಡಿಯುತ್ತದೆ.

ಮೊಳೆಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಅಂಟು ಒಣಗುವಾಗ ಹಲಗೆ ಜಾರದಂತೆ ಹಿಡಿಯಲು ಮೊಳೆ ಸಾಕು. ನಡುಕದ ಬಾಳಿಗೆ ಅದನ್ನೇ ನಂಬಿದರೆ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಈಗ ನಿಜವಾದ ಜಗಳ: ಸ್ಪೀಕರನ್ನು ಕೂರಿಸುವುದು ಯಾವುದರಿಂದ? ಸ್ಕ್ರೂವಿನ ಪರವಾಗಿ ಹೇಳಬೇಕಾದದ್ದು ಬಹಳ ಇದೆ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ರಾತ್ರಿ ಒಂದು ಕಳೆದುಹೋದರೆ ಬೆಳಿಗ್ಗೆ ಇನ್ನೊಂದು ತರಬಹುದು. ಹಲಗೆಯ ಆಚೆ ತೂತು ಬೀಳದ್ದರಿಂದ ಗಾಳಿ ಸೋರುವುದಿಲ್ಲ. ಸಡಿಲಾದ ನಟ್ಟು ಒಳಗೆ ಬಿದ್ದು ಗಲಗಲ ಎನ್ನುವ ಪ್ರಶ್ನೆಯೇ ಇಲ್ಲ. ದೊಡ್ಡ ಹೆಸರಿನ ಸಾಕ್ಷಿಯೂ ಅದಕ್ಕಿದೆ. ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಬಾಕ್ಸಿನ ಹಲಗೆಗಳು ತೆಳ್ಳಗಿನ ಬರ್ಚ್ ಪ್ಲೈವುಡ್ಡಿನವು. ಅದರ ಹಲಗೆಯನ್ನು ಗಟ್ಟಿ ಬೀಚ್ ಮರದ ಪಟ್ಟಿಗಳಿಗೆ ಸ್ಕ್ರೂಗಳಿಂದಲೇ ಬಿಗಿದಿದ್ದರು. ಸಂಗೀತ ಕೇಳುವವರು ಇಂದಿಗೂ ಅದನ್ನು ಮೆಚ್ಚುತ್ತಾರೆ.

ಸ್ಕ್ರೂ ಸೋಲುವುದು ಎರಡನೆಯ, ಮೂರನೆಯ ಸಲ ಬಿಚ್ಚಿದಾಗ. ಮೊದಲ ಸಲ ಅದು ಕಟ್ಟಿಗೆಯ ನಾರಿನಲ್ಲಿ ತನ್ನದೇ ದಾರಿ ಕೊರೆದುಕೊಂಡು ಕೂರುತ್ತದೆ. ಮತ್ತೆ ತಿರುಗಿಸುವಾಗ ಹಳೆಯ ದಾರಿಯನ್ನೇ ಹಿಡಿಯದಿದ್ದರೆ ಹೊಸದನ್ನು ಕೊರೆಯುತ್ತದೆ, ನಾರು ಪುಡಿಯಾಗುತ್ತದೆ. ನಾಲ್ಕಾರು ಸಲ ಆದ ಮೇಲೆ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಕಡ್ಡಿಗೆ ಅಂಟು ಹಚ್ಚಿ ತೂತಿಗೆ ತುರುಕಿ ಮತ್ತೆ ಹೊಡೆಯುವ ಉಪಾಯ ಎಲ್ಲ ಬಡಿಗೇರರಿಗೂ ಗೊತ್ತು, ಒಂದು ಹಂತದವರೆಗೆ ಅದು ನಡೆಯುತ್ತದೆ ಕೂಡ. ಬಾಡಿಗೆಗೆ ತಿರುಗುವ ಸೆಟ್ಟಿನಲ್ಲಿ ಸ್ಪೀಕರಿನ ಕಾಯಿಲ್ ಸುಡುವುದು ಮಾಮೂಲು. ಸುಟ್ಟಾಗಲೆಲ್ಲ ಬಿಚ್ಚಲೇಬೇಕು. ಬಾಕ್ಸು ಮಾಡಿಸುವ ಹುಡುಗ ‘ಕಾಕಾ, ಬರೇ ಸ್ಕ್ರೂ ಹೊಡದ್ರ ತಡೀತದೇನು?’ ಎಂದು ಕೇಳಿದರೆ, ಕೆಲಸ ಬಲ್ಲ ಬಡಿಗೇರ ‘ತಡೀತದ ತಮ್ಮಾ, ತಿಂಗಳಿಗೊಮ್ಮೆ ನೀ ಬಿಚ್ಚಲಿಲ್ಲಂದ್ರ’ ಎಂದೇ ಹೇಳುವನು.

ಟೀ-ನಟ್ಟಿನ ಬಲ ಇಲ್ಲಿದೆ. ಇದು ಒಳಗೆ ಹಲ್ಲು ಚಾಚಿದ ಬಿಲ್ಲೆಯ ನಟ್ಟು. ಹಲಗೆಯ ಹಿಂದಿನಿಂದ ತೂತಿಗೆ ಹಾಕಿ ಬಡಿದರೆ ಹಲ್ಲು ಕಟ್ಟಿಗೆಗೆ ಕಚ್ಚುತ್ತವೆ. ಮುಂದಿನಿಂದ ಬೋಲ್ಟು ತಿರುಗಿಸಿದರೆ ನಟ್ಟು ಹಲಗೆಗೆ ಇನ್ನಷ್ಟು ಎಳೆದುಕೊಂಡು ಕೂರುತ್ತದೆ. ಬೋಲ್ಟು ಹಿಡಿಯುವುದು ಕಬ್ಬಿಣದ ಎಳೆಯನ್ನಾದ್ದರಿಂದ ನೂರು ಸಲ ಬಿಚ್ಚಿ ಹಾಕಿದರೂ ಸವೆತ ಕಾಣದು. ಸ್ಪೀಕರಿನ ಭಾರ ಸ್ಕ್ರೂವಿನ ಎಳೆಗಳ ಬದಲು ಇಡೀ ಹಲಗೆಯ ದಪ್ಪದ ಮೇಲೆ ಬೀಳುತ್ತದೆ. ಬಾಕ್ಸು ಟ್ರೇಲರಿನಿಂದ ಬಿದ್ದರೂ ಭಾರದ ಅಯಸ್ಕಾಂತ ಚೌಕಟ್ಟನ್ನು ಕಿತ್ತುಕೊಂಡು ಹೋಗುವ ಭಯ ಕಡಿಮೆ.

ಅದರ ಕಷ್ಟಗಳನ್ನೂ ಹೇಳದೆ ಇರಲಾಗದು. ಸಣ್ಣ ಊರಿನ ಅಂಗಡಿಯಲ್ಲಿ ಟೀ-ನಟ್ ಸಿಗುವ ಭರವಸೆ ಇಲ್ಲ. ಕಲಬುರಗಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗುವವರ ಕೈಯಲ್ಲಿ ತರಿಸಬೇಕಾಗಬಹುದು. ಬೋಲ್ಟು, ವಾಷರು ಸೇರಿ ಖರ್ಚು ಸ್ಕ್ರೂವಿನ ಹಲವು ಪಟ್ಟು. ತೂತು ಒಂದು ಚೂರು ಅಗಲವಾದರೆ ಹಲ್ಲು ಕಚ್ಚುವುದಿಲ್ಲ. ಬೋಲ್ಟಿಗೆ ತುಕ್ಕು ಹಿಡಿದಿದ್ದರೆ ಬಿಚ್ಚುವಾಗ ನಟ್ಟೂ ಜೊತೆಗೆ ಸುತ್ತುತ್ತದೆ. ಸ್ಪೀಕರ್ ತೆಗೆಯದೆ ನಟ್ಟು ಹಿಡಿಯಲಾಗದು, ನಟ್ಟು ಹಿಡಿಯದೆ ಸ್ಪೀಕರ್ ತೆಗೆಯಲಾಗದು. ಕೊನೆಗೆ ಬೋಲ್ಟಿನ ತಲೆ ಕೊಯ್ಯುವುದೇ ದಾರಿ. ಇದನ್ನು ತಪ್ಪಿಸಲು ನಟ್ಟನ್ನು ಬಡಿಯುವ ಬದಲು ಬೋಲ್ಟು, ದಪ್ಪ ವಾಷರಿನಿಂದ ನಿಧಾನಕ್ಕೆ ಎಳೆದು ಕೂರಿಸಬೇಕು. ಬಿಲ್ಲೆಯ ಅಂಚಿಗೆ ಎಪಾಕ್ಸಿ ಹಚ್ಚಬೇಕು, ಎಳೆಯೊಳಗೆ ಅದು ಇಳಿಯದಂತೆ ನೋಡಿಕೊಳ್ಳಬೇಕು. ಇಷ್ಟು ವ್ಯವಧಾನ ಇಲ್ಲದವರಿಗೆ ಟೀ-ನಟ್ಟಿಗಿಂತ ಒಳ್ಳೆಯ ಸ್ಕ್ರೂವೇ ವಾಸಿ.

ಬೋಲ್ಟಿನ ಪಕ್ಷದವರನ್ನು ಹೆಚ್ಚು ಕಾಡುವುದು ಅಳತೆಯ ಗೊಂದಲ. ತೂಕ, ಅಳತೆಯ ಕಾಯಿದೆ 1956ರಲ್ಲಿ ಬಂದು ದೇಶ ಮೆಟ್ರಿಕ್ಕಿಗೆ ತಿರುಗಿತು. ನಮ್ಮ ಅಂಗಡಿಗಳಲ್ಲಿ ಮಾತ್ರ ಇಂಚು, ಸೂತು ಇನ್ನೂ ಉಳಿದಿವೆ. ಎರಡು ಸೂತಿನ ಬೋಲ್ಟು ಎಂದರೆ ಕಾಲಿಂಚು, ಅಂದರೆ 6.35 ಮಿ.ಮೀ. ಇಂಚಿಗೆ 20 ಎಳೆ. ಈ ಲೆಕ್ಕ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯದು. ಎಂ6 ಬೋಲ್ಟು 6 ಮಿ.ಮೀ. ದಪ್ಪದ್ದು, ಅದರ ಎಳೆಗಳ ನಡುವೆ ಸರಿಯಾಗಿ 1 ಮಿ.ಮೀ. ಅಂತರ. ಕಾಲಿಂಚಿನದರಲ್ಲಿ ಆ ಅಂತರ 1.27 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಕಾಲಿಂಚಿನ ನಟ್ಟಿಗೆ ಎಂ6 ಬೋಲ್ಟು ಹಾಕಿದರೆ ಸಡಿಲಾಗಿ ಒಳಹೋಗಿ, ಬಿಗಿಯುವಾಗ ಒಂದೆರಡು ಎಳೆಯನ್ನಷ್ಟೇ ಹಿಡಿದು ಹಾಳುಮಾಡುತ್ತದೆ. ಎಂ6 ನಟ್ಟಿಗೆ ಕಾಲಿಂಚಿನದನ್ನು ಜುಲುಮೆಯಿಂದ ತಿರುಗಿಸಿದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ನಟ್ಟು, ಬೋಲ್ಟನ್ನು ಒಂದೇ ಅಂಗಡಿಯಲ್ಲಿ ಕೊಂಡು, ಅಲ್ಲೇ ಕೈಯಿಂದ ಪೂರ್ತಿ ತಿರುಗಿಸಿ ನೋಡಿ ತರುವುದು ಜಾಣತನ. ಮುಂದೆ ಬೇಕಾಗುವ ನಾಲ್ಕು ಜೊತೆ ಹೆಚ್ಚಿಗೇ ಇರಲಿ.

ಬೋಲ್ಟಿನ ತಲೆಯ ಮೇಲೆ 4.8, 8.8 ಎಂಬ ಅಂಕಿ ಕಾಣಬಹುದು. 8.8 ಎಂದರೆ ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು. ಗಟ್ಟಿಯದೇ ಇರಲಿ ಎಂದು ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ಸ್ಪೀಕರಿನ ಕೆಲಸದಲ್ಲಿ ಬೋಲ್ಟು ಮುರಿಯುವ ಮೊದಲು ಪ್ಲೈವುಡ್ ಕುಸಿಯುತ್ತದೆ. ಮಾಮೂಲಿ ಜಿಂಕ್ ಹಾಕಿದ ಬೋಲ್ಟು ಸಾಕು, ಅದರ ಕೆಳಗಿನ ಅಗಲ ವಾಷರಿಗೆ ಆ ಹಣ ಸಲ್ಲಲಿ. ಸಡಿಲಾಗದಿರಲು ಸ್ಪ್ರಿಂಗ್ ವಾಷರ್ ಒಂದನ್ನೇ ನಂಬಬಾರದು. ಅಡ್ಡ ನಡುಕದ ಪರೀಕ್ಷೆಗಳಲ್ಲಿ ಅದು ಅಷ್ಟಾಗಿ ನಿಂತಿಲ್ಲ. ಎಳೆಗೆ ಒಂದು ಹನಿ ನೀಲಿ ಥ್ರೆಡ್ ಲಾಕರ್ ಹಾಕಿದರೆ ನಡುಕಕ್ಕೆ ಬಿಡದು, ಪಾನಾ ಹಾಕಿದಾಗ ಬಿಚ್ಚಿಕೊಳ್ಳುತ್ತದೆ.

ಎರಡು ಪಕ್ಷದವರೂ ತಪ್ಪದೆ ದೂರವಿಡಬೇಕಾದದ್ದು ಜಿಪ್ಸಂ ಹಲಗೆಗೆ ಹೊಡೆಯುವ ಕಪ್ಪು ಸ್ಕ್ರೂ. ಅಗ್ಗ, ಚೂಪು, ಡ್ರಿಲ್ ಮಷೀನಿಗೆ ಸಲೀಸು, ಹಾಗಾಗಿ ಎಲ್ಲ ಕಡೆ ಅದೇ ಓಡುತ್ತಿದೆ. ಅದು ಗಡಸು ನಿಜ, ಆದರೆ ಪೆಳಸು. ಅಡ್ಡ ಪೆಟ್ಟಿಗೆ ಬಾಗುವ ಬದಲು ಪಟ್ಟನೆ ಮುರಿಯುತ್ತದೆ, ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಮುರಿದ ತುಂಡು ಕಟ್ಟಿಗೆಯೊಳಗೆ ಉಳಿದರೆ ಆ ತೂತೇ ದಂಡ. 8ನೇ ನಂಬರಿನ ಜಿಂಕ್ ಸ್ಕ್ರೂ ಸುಮಾರು 4.2 ಮಿ.ಮೀ. ದಪ್ಪ. ಅದಕ್ಕೆ ಮೊದಲು 2.5ರಿಂದ 3 ಮಿ.ಮೀ. ಬಿಟ್ಟಿನಿಂದ ದಾರಿ ತೂತು ಹೊಡೆದರೆ ಕಟ್ಟಿಗೆ ಸೀಳುವುದಿಲ್ಲ.

ಹಲಗೆ ಯಾವುದು ಎಂಬುದರ ಮೇಲೂ ತೀರ್ಪು ಬದಲಾಗುತ್ತದೆ. ಎಂಡಿಎಫ್ ನುಣುಪು, ಕೊಯ್ಯಲು ಸುಲಭ, ಮನೆಯ ಬಾಕ್ಸಿಗೆ ಅದರ ದನಿಯೂ ಚೆಂದ ಎನ್ನುವವರು ಬಹಳ. ಆದರೆ ಅದರಲ್ಲಿ ಉದ್ದನೆಯ ನಾರಿಲ್ಲ. ಅಂಚಿಗೆ ಸ್ಕ್ರೂ ಹೊಡೆದರೆ ಉಬ್ಬಿ ಸೀಳುತ್ತದೆ, ಒಮ್ಮೆ ಬಿಚ್ಚಿದ ತೂತು ಮತ್ತೆ ಹಿಡಿಯುವುದು ಕಷ್ಟ, ಮಳೆಗೆ ತೊಯ್ದರೆ ಊದಿಕೊಳ್ಳುತ್ತದೆ. 18 ಮಿ.ಮೀ. ದಪ್ಪದ ಎಂಟಡಿ-ನಾಲ್ಕಡಿ ಹಾಳೆ 40 ಕಿಲೋ ಆಸುಪಾಸು ತೂಗುತ್ತದೆ. ಪ್ಲೈವುಡ್ಡು ಅದಕ್ಕಿಂತ ಹಗುರ, ಸ್ಕ್ರೂವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದರಲ್ಲೂ ಐಎಸ್ 303 ಗುರುತಿನ ಬಿಡಬ್ಲ್ಯುಆರ್ ದರ್ಜೆ ಇಲ್ಲವೇ ಐಎಸ್ 710 ಮರೀನ್ ಪ್ಲೈ ಆದರೆ ತೇವದ ಚಿಂತೆ ಕಡಿಮೆ. ಒಳಗೆ ಪೊಳ್ಳು ಬಿಟ್ಟ ಅಗ್ಗದ ಪ್ಲೈ ಮಾತ್ರ ಎಂಡಿಎಫ್‌ಗಿಂತ ಕಡೆ. ಪೊಳ್ಳಿನೊಳಗೆ ಸ್ಕ್ರೂ ಹಿಡಿಯಲು ಏನೂ ಇಲ್ಲ, ಟೀ-ನಟ್ಟು ಎಳೆದರೆ ಹಲಗೆ ಒಳಗೆ ಕುಸಿಯುತ್ತದೆ.

ಸ್ಪೀಕರ್ ಕೂರಿಸುವಾಗ ಅಯಸ್ಕಾಂತದ ಸೆಳೆತವೂ ನೆನಪಿರಲಿ. ಹತ್ತಿರ ಹೋದ ಉಕ್ಕಿನ ಸ್ಕ್ರೂ ಕೈ ತಪ್ಪಿ ಹಾರುತ್ತದೆ, ಸ್ಕ್ರೂ ಡ್ರೈವರ್ ಜಾರಿದರೆ ಕೋನಿನಲ್ಲಿ ತೂತು. ಕೋನಿನ ಮೇಲೆ ದಪ್ಪ ರಟ್ಟು ಇಟ್ಟುಕೊಂಡು ಕೆಲಸ ಮಾಡಬೇಕು, ಎದುರು ಬದುರಿನವನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ಚೌಕಟ್ಟು ತಿರುಚಿಕೊಂಡು ಕಾಯಿಲ್ ಉಜ್ಜುತ್ತದೆ. ಚೌಕಟ್ಟಿನ ಕೆಳಗೆ ತೆಳ್ಳಗಿನ ಫೋಮ್ ಪಟ್ಟಿ ಇದ್ದರೆ ಗಾಳಿ ಸೋರದು. ಹೊಸ ಬಾಕ್ಸಿನಲ್ಲಿ ಕಟ್ಟಿಗೆ, ಫೋಮ್ ಎರಡೂ ಒತ್ತಿಕೊಳ್ಳುವುದರಿಂದ ವಾರದ ಮೇಲೆ ಒಮ್ಮೆ ಮತ್ತೆ ಬಿಗಿಯಬೇಕು.

ಕಾರ್ನರುಗಳಲ್ಲಿ ಉಕ್ಕಿನವು ಪೆಟ್ಟಿಗೆ ಗಟ್ಟಿ, ಆದರೆ ಒಂದು ಸ್ಕ್ರೂ ಸಡಿಲಾದರೂ ಪ್ರತಿ ಬೇಸಿಗೂ ಕಿರುಗುಟ್ಟುತ್ತವೆ. ಪ್ಲಾಸ್ಟಿಕ್ಕಿನವು ಸದ್ದು ಮಾಡವು, ಒಂದರ ಮೇಲೊಂದು ಬಾಕ್ಸು ಕೂರಿಸಲು ಕಚ್ಚು ಇರುವವು ಸಿಗುತ್ತವೆ, ಆದರೆ ಬಿಸಿಲಲ್ಲಿ ವರ್ಷಗಟ್ಟಲೆ ಕಾದು ಒಡೆಯುತ್ತವೆ. ಹಿಡಿಕೆಯ ವಿಷಯದಲ್ಲಿ ರಾಜಿ ಬೇಡ. ಮೂವತ್ತು, ನಲವತ್ತು ಕಿಲೋದ ಬಾಕ್ಸು ಎದೆಯೆತ್ತರಕ್ಕೆ ಎತ್ತಿದಾಗ ಹಿಡಿಕೆ ಕಿತ್ತರೆ ಕೆಳಗಿರುವುದು ಮನುಷ್ಯರ ಕಾಲು. ಹಿಡಿಕೆಗೆ ಹಲಗೆ ದಾಟುವ ಬೋಲ್ಟು, ಒಳಗಡೆ ಅಗಲ ವಾಷರು ಇರಲೇಬೇಕು. ಇದೇ ಕಾರಣಕ್ಕೆ ಮನೆಯಲ್ಲಿ ಮಾಡಿದ ಬಾಕ್ಸನ್ನು ಕಮಾನಿಗೋ ಕಂಬಕ್ಕೋ ತೂಗುಹಾಕುವುದು ಬೇಡ. ತೂಗುವ ಬಾಕ್ಸಿಗೆ ಒಳಗಿನಿಂದಲೇ ಉಕ್ಕಿನ ಚೌಕಟ್ಟು, ತೂಕ ನಮೂದಿಸಿದ ಕೊಂಡಿ ಬೇಕು. ಸ್ಕ್ರೂ ಹೊಡೆದ ಹಿಡಿಕೆಗೆ ಹಗ್ಗ ಕಟ್ಟುವುದು ಆ ಕೆಲಸಕ್ಕೆ ಬಾರದು.

ತಂತಿಯ ಸಾಕೆಟ್ಟಿನಲ್ಲೂ ಇಂಥದೇ ಆಯ್ಕೆ ಇದೆ. ಸ್ಪ್ರಿಂಗ್ ಒತ್ತಿ ತಂತಿ ಸಿಕ್ಕಿಸುವ ಟರ್ಮಿನಲ್ ಅಗ್ಗ, ಮನೆಗೆ ಸಾಕು. ಕಾಲಿಂಚಿನ ಜಾಕು ಎಲ್ಲೆಡೆ ಸಿಗುತ್ತದೆ, ಅರ್ಧ ಹೊರಬಂದಾಗ ಎರಡೂ ತಂತಿ ಕೂಡಿ ಆಂಪ್ಲಿಫೈಯರಿಗೆ ಕುತ್ತು ತರಬಲ್ಲದು. ನ್ಯೂಟ್ರಿಕ್ ಕಂಪನಿ 1980ರ ದಶಕದಲ್ಲಿ ತಂದ ಸ್ಪೀಕಾನ್ ತಿರುಗಿಸಿ ಬೀಗ ಹಾಕುವಂಥದು, ಯಾರೋ ತಂತಿ ಎಡವಿದರೂ ಕಳಚದು. ಜನ ಓಡಾಡುವ ಜಾಗಕ್ಕೆ ಇದೇ ತಕ್ಕದ್ದು.

ಇಷ್ಟನ್ನೂ ತೂಗಿದರೆ ಯಾವ ಪಕ್ಷವೂ ಪೂರ್ತಿ ಗೆಲ್ಲುವುದಿಲ್ಲ. ಬಾಕ್ಸನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ, ಅದು ಎಷ್ಟು ದೂರ ತಿರುಗುತ್ತದೆ ಎಂಬ ಎರಡು ಪ್ರಶ್ನೆಗಳೇ ಇದನ್ನು ತೀರ್ಮಾನಿಸಬೇಕು. ಮನೆಯಲ್ಲೋ ಅಂಗಡಿಯಲ್ಲೋ ಒಂದೆಡೆ ಇರುವ 8 ಅಥವಾ 10 ಇಂಚಿನ ಸ್ಪೀಕರಿಗೆ ಒಳ್ಳೆಯ ಪ್ಲೈವುಡ್, ಅಂಟು, ಜಿಂಕ್ ಸ್ಕ್ರೂ ಸಾಕು. ಅಲ್ಲಿ ಟೀ-ನಟ್ಟಿಗೆ ಖರ್ಚು ಮಾಡುವುದು ದುಂದೇ. ಟ್ರ್ಯಾಕ್ಟರಿಗೆ ಹತ್ತುವ, ಬಾಡಿಗೆಗೆ ಹೋಗುವ 12 ಇಂಚಿನ ಮೇಲಿನ ಎಲ್ಲದಕ್ಕೂ ಸ್ಪೀಕರಿಗೆ ಟೀ-ನಟ್, ಹಿಡಿಕೆಗೆ ದಾಟುಬೋಲ್ಟು ಹಾಕಿಸಿ. ಕೀಲುಗಳಿಗೆ ಮಾತ್ರ ಅಲ್ಲೂ ಅಂಟು, ಸ್ಕ್ರೂ ಸಾಕು. ಕೈಯಲ್ಲಿ ಹಣ ಕಡಿಮೆ ಇದ್ದರೆ ರೆಗ್ಜಿನ್, ಬಣ್ಣದ ದೀಪಗಳಲ್ಲಿ ಉಳಿಸಿ, ಬೋಲ್ಟಿನಲ್ಲಿ ಉಳಿಸಬೇಡಿ. ಸೆಟ್ಟು ಪ್ರತಿ ಸಲ ಮನೆ ಬಿಡುವ ಮುನ್ನ ಪಾನಾ ಹಿಡಿದು ಎಲ್ಲ ಬೋಲ್ಟನ್ನೂ ಒಮ್ಮೆ ಬಿಗಿದು ನೋಡಿ.